ಒಂದೂವರೆ ಮಿಲಿಮೀಟರಿನ ಲೆಕ್ಕ

ನೀಲಿ ಬಣ್ಣದ ಪ್ಲಾಸ್ಟಿಕ್ ತುಂಡು. ಆರು ಸೆಂಟಿಮೀಟರಿಗಿಂತ ತುಸು ಉದ್ದ, ಕಿರುಬೆರಳಿಗಿಂತ ತೆಳು. ಗದಗಿನಲ್ಲಿ ಶಸ್ತ್ರಚಿಕಿತ್ಸಕರಾಗಿರುವ ಗೆಳೆಯರೊಬ್ಬರು, ಅವಧಿ ಮುಗಿದು ಬಳಕೆಗೆ ಬಾರದ ಸ್ಟೇಪ್ಲರ್ ಕಾರ್ಟ್ರಿಜ್ ಒಂದನ್ನು ನೋಡಲೆಂದು ನನ್ನ ಕೈಗಿತ್ತರು. ಬೆಳಕಿಗೆ ಹಿಡಿದರೆ ಅದರ ಮೇಲ್ಮೈ ತುಂಬ ಕೂದಲೆಳೆಯಂಥ ಸೀಳುಗಳು. ನಟ್ಟನಡುವೆ ಒಂದು ಉದ್ದನೆಯ ಗೀರು, ಅದರ ಎಡಕ್ಕೆ ಮೂರು ಸಾಲು, ಬಲಕ್ಕೆ ಮೂರು ಸಾಲು. ಒಂದು ಸಾಲಿನ ಸೀಳು ಮುಗಿಯುವ ಜಾಗದಲ್ಲಿ ಪಕ್ಕದ ಸಾಲಿನ ಸೀಳಿನ ನಡುಭಾಗ ಬರುವಂತೆ ಜೋಡಿಸಿದ್ದಾರೆ, ಎಲ್ಲಿಯೂ ಸಂದು ಉಳಿಯಬಾರದೆಂದು. ಪ್ರತಿ ಸೀಳಿನೊಳಗೆ ಟೈಟಾನಿಯಂ ತಂತಿಯ ಒಂದು ಪಿನ್ನು, ಎರಡೂ ಕಾಲು ಮೇಲೆ ಮಾಡಿ ಕೂತಿದೆ.

ಈ ತುಂಡು ಉದ್ದನೆಯ ಕೊಳವೆಯ ತುದಿಯಲ್ಲಿರುವ ದವಡೆಯ ಕೆಳಭಾಗದಲ್ಲಿ ಕೂರುತ್ತದೆ. ಮೇಲಿನ ದವಡೆ ಲೋಹದ್ದು, ಅದರ ಒಳಮೈಯಲ್ಲಿ ಪ್ರತಿ ಪಿನ್ನಿಗೂ ಎರಡೆರಡು ಸಣ್ಣ ಗುಳಿಗಳು. ಕತ್ತರಿಸಬೇಕಾದ ಕರುಳನ್ನು ಎರಡು ದವಡೆಗಳ ನಡುವೆ ತಂದು, ಹಿಡಿಕೆ ಅದುಮಿ ಮುಚ್ಚುತ್ತಾರೆ. ಆಮೇಲೆ ‘ಫೈರ್’ ಮಾಡುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಹೇಳುವುದು ಹಾಗೆಯೇ. ಆಗ ಕಾರ್ಟ್ರಿಜ್ಜಿನ ಹಿಂದಿನಿಂದ ಬೆಣೆಯಾಕಾರದ ಒಂದು ಪುಟ್ಟ ಭಾಗ ಮುಂದಕ್ಕೆ ಜಾರುತ್ತದೆ. ಅದು ಹಾದುಹೋದಲ್ಲೆಲ್ಲ ಪಿನ್ನುಗಳು ಒಂದೊಂದಾಗಿ ಮೇಲೇಳುತ್ತವೆ, ಕರುಳನ್ನು ತೂರಿ ಮೇಲಿನ ಗುಳಿಗೆ ತಾಗಿ ಒಳಮುಖವಾಗಿ ಬಾಗುತ್ತವೆ. ಒಂದು ಕೂದಲು ಹಿಂದೆ, ನಡುಗೀರಿನಲ್ಲಿ ಅಲಗು ಓಡಿಬರುತ್ತದೆ. ಅಲಗು ಮುಟ್ಟುವ ಹೊತ್ತಿಗೆ ಆಚೆ ಮೂರು ಸಾಲು, ಈಚೆ ಮೂರು ಸಾಲು ಪಿನ್ನು ಬಿದ್ದಿರುತ್ತವೆ. ಕತ್ತರಿಸಿದ ಎರಡೂ ತುದಿಗಳು ಮುಚ್ಚಿದ ಸ್ಥಿತಿಯಲ್ಲೇ ಬೇರೆಯಾಗುತ್ತವೆ, ಕರುಳಿನ ಹೊಲಸು ಹೊಟ್ಟೆಯೊಳಗೆ ಚೆಲ್ಲುವುದಿಲ್ಲ. ಇಷ್ಟೆಲ್ಲ ನಡೆಯಲು ಅರ್ಧ ನಿಮಿಷ ಸಾಕು.

ಪಿನ್ನು ಹೊಡೆಯುವ ಕೆಲಸ ಗದಗಿಗೆ ಹೊಸದಲ್ಲ. ಬಯಲಾಟದ ಪುಸ್ತಕ, ಪುರಾಣ, ಭಜನೆ ಪದಗಳನ್ನು ಅಚ್ಚು ಹಾಕಿ ಜಾತ್ರೆ ಜಾತ್ರೆಗೆ ಕಳಿಸಿದ ಊರಿದು. ಶಾಬಾದಿಮಠ ಬುಕ್ ಡಿಪೋದ ಹೆಸರು ಹಳೆಯ ಆಟದ ಮೇಳದವರಿಗೆಲ್ಲ ಗೊತ್ತು. ತೆಳು ಪುಸ್ತಕದ ಬೆನ್ನಿಗೆ ಬೈಂಡಿಂಗಿನವರು ಹೊಡೆಯುವ ತಂತಿ ಪಿನ್ನಿನ ಕಾಲುಗಳು ಒಳಕ್ಕೆ ಮಡಚಿ ಕಾಗದಕ್ಕೆ ಚಪ್ಪಟೆಯಾಗಿ ಒತ್ತಿಕೊಳ್ಳುತ್ತವೆ. ಕಾಗದಕ್ಕೆ ಜೀವವಿಲ್ಲ, ಎಷ್ಟು ಬಿಗಿದರೂ ನಡೆಯುತ್ತದೆ. ಕರುಳಿಗೆ ಜೀವವಿದೆ. ಚಪ್ಪಟೆಯಾಗಿ ಬಿಗಿದರೆ ಅಂಚಿಗೆ ರಕ್ತ ಹರಿಯದೆ ಎರಡು ಮೂರು ದಿನದಲ್ಲಿ ಆ ಭಾಗ ಕೊಳೆತು ಬಿಡುತ್ತದೆ. ಅದಕ್ಕಾಗಿ ಈ ಪಿನ್ನು ಪೂರ್ತಿ ಮಡಚಿಕೊಳ್ಳುವುದಿಲ್ಲ. ಎರಡೂ ಕಾಲು ಸುತ್ತಿ ಬಂದು ಬೆನ್ನಿನ ಕಡೆಗೆ ತಿರುಗಿ, ಇಂಗ್ಲಿಷಿನ ‘ಬಿ’ ಅಕ್ಷರದ ಆಕಾರದಲ್ಲಿ ನಿಲ್ಲುತ್ತವೆ. ಆ ಎರಡು ಕುಣಿಕೆಗಳೊಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಸೋರಬಾರದು, ಸಾಯಲೂಬಾರದು. ಈ ಎರಡೂ ಆಗದಂತೆ ಮಡಚಿದ ಪಿನ್ನಿನ ಎತ್ತರವನ್ನು ನೀಲಿ ಕಾರ್ಟ್ರಿಜ್‌ ಮಾಡಿದವರು ಒಂದೂವರೆ ಮಿಲಿಮೀಟರ್ ಎಂದು ಗೊತ್ತುಮಾಡಿದ್ದಾರೆ.

ಕರುಳನ್ನು ಕಚ್ಚಿಸಿ ಕೂಡಿಸುವ ಆಲೋಚನೆ ಬಹಳ ಹಳೆಯದು. ಗದಗಿನ ಮೇಲ್ಮಾಳಗಿ ಆಯುರ್ವೇದ ಕಾಲೇಜಿನಲ್ಲಿ ಓದಿದವರು ಸುಶ್ರುತ ಸಂಹಿತೆಯಲ್ಲಿ ಇದನ್ನು ಓದಿಯೇ ಇರುತ್ತಾರೆ: ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ ಹಿಡಿದು, ದೊಡ್ಡ ಕರಿ ಇರುವೆಗಳಿಂದ ಕಚ್ಚಿಸಿ, ಕಚ್ಚಿದ ಮೇಲೆ ಮುಂಡ ಕತ್ತರಿಸಿ ತಲೆಯನ್ನು ಅಲ್ಲೇ ಬಿಡುವ ವಿಧಾನ. ಯಂತ್ರ ಬಂದದ್ದು 1908ರಲ್ಲಿ. ಬುಡಾಪೆಸ್ಟಿನ ಹ್ಯೂಮರ್ ಹ್ಯುಲ್ಟ್ಲ್ ಎಂಬ ಶಸ್ತ್ರಚಿಕಿತ್ಸಕ, ವಿಕ್ಟರ್ ಫಿಶರ್ ಎಂಬ ಉಪಕರಣ ತಯಾರಕನೊಡನೆ ಕೂಡಿ ಅದನ್ನು ಕಟ್ಟಿದ. ತೂಕ ಮೂರೂವರೆ ಕಿಲೋ ದಾಟುತ್ತಿತ್ತು, ಜೋಡಿಸಲು ಎರಡು ತಾಸು. ಆದರೂ ಸಾಲುಗಳನ್ನು ಸಂದಿಲ್ಲದಂತೆ ಹೆಣೆಯುವುದು, ಪಿನ್ನು ‘ಬಿ’ ಆಕಾರಕ್ಕೆ ಬಾಗುವುದು ಎರಡೂ ಅದರಲ್ಲೇ ಇದ್ದವು. ಸುಮಾರು ಅದೇ ಕಾಲಕ್ಕೆ ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ದವಾಖಾನೆ ತೆರೆದಿದ್ದರು. ಜನ ಅದನ್ನು ಜರ್ಮನ್ ಆಸ್ಪತ್ರೆ ಎಂದೇ ಕರೆದರು. ಆಗ ಜಗತ್ತಿನ ಬಹುಪಾಲು ಆಸ್ಪತ್ರೆಗಳಲ್ಲಿ ಕರುಳಿಗೆ ಸೂಜಿ, ಕ್ಯಾಟ್‌ಗಟ್, ರೇಷ್ಮೆ ದಾರವೇ ಗತಿ.

ಹ್ಯುಲ್ಟ್ಲ್‌ನ ಭಾರದ ಯಂತ್ರವನ್ನು 1921ರಲ್ಲಿ ಅದೇ ಹಂಗೇರಿಯ ಅಲಾದಾರ್ ಪೆಟ್ಜ್ ಹಗುರ ಮಾಡಿದ. 1951ರಲ್ಲಿ ಮಾಸ್ಕೋದಲ್ಲಿ ಶಸ್ತ್ರಚಿಕಿತ್ಸಾ ಉಪಕರಣಗಳಿಗೆಂದೇ ಸಂಶೋಧನಾ ಸಂಸ್ಥೆ ಹುಟ್ಟಿತು. ಶ್ವಾಸನಾಳಕ್ಕೆ, ರಕ್ತನಾಳಕ್ಕೆ, ಕರುಳಿಗೆ ಒಂದೊಂದು ಸ್ಟೇಪ್ಲರ್ ಅಲ್ಲಿಂದ ಹೊರಬಂದವು. 1958ರಲ್ಲಿ ಸೋವಿಯತ್ ದೇಶಕ್ಕೆ ಹೋಗಿದ್ದ ಅಮೆರಿಕದ ಮಾರ್ಕ್ ರ್‍ಯಾವಿಚ್, ಕೀವ್ ನಗರದಲ್ಲಿ ನಿಕೊಲಾಯ್ ಅಮೊಸೊವ್ ಶ್ವಾಸನಾಳವನ್ನು ಪಿನ್ನು ಹೊಡೆದು ಮುಚ್ಚುವುದನ್ನು ಕಂಡರು. ಲೆನಿನ್‌ಗ್ರಾಡಿನ ಅಂಗಡಿಯೊಂದರಲ್ಲಿ ಅಂಥದೇ ಒಂದನ್ನು ಕೊಂಡು ಊರಿಗೆ ಒಯ್ದರು. ಅಲ್ಲಿಂದ ಮುಂದಿನದು ವ್ಯಾಪಾರದ ಕಥೆ. ಲಿಯಾನ್ ಹಿರ್ಶ್ ಎಂಬ ಉದ್ಯಮಿ 1964ರಲ್ಲಿ ಕಟ್ಟಿದ ಕಂಪನಿ 1967ರಲ್ಲಿ ಮೊದಲ ಅಮೆರಿಕನ್ ಸ್ಟೇಪ್ಲರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು.

ಇಲ್ಲಿ ಒಂದು ಕವಲು ಒಡೆಯಿತು, ನಮ್ಮಂಥ ಜಿಲ್ಲೆಗಳಿಗೆ ಅದರ ಬಿಸಿ ಇಂದಿಗೂ ತಟ್ಟುತ್ತಿದೆ. ಸೋವಿಯತ್ ಉಪಕರಣ ಪೂರ್ತಿ ಉಕ್ಕಿನದು. ಕುದಿಸಿ, ಒರೆಸಿ, ಪಿನ್ನುಗಳನ್ನು ಚಿಮುಟದಿಂದ ಒಂದೊಂದಾಗಿ ತುಂಬಿ ವರ್ಷಗಟ್ಟಲೆ ಬಳಸುವಂಥದ್ದು. ಕೆಲಸ ಹೆಚ್ಚು, ಖರ್ಚು ಕಡಿಮೆ. ಅಮೆರಿಕದ್ದು ಮೊದಲೇ ಪಿನ್ನು ತುಂಬಿದ, ಒಮ್ಮೆ ಬಳಸಿ ಬಿಸಾಕುವ ಕಾರ್ಟ್ರಿಜ್‌. ಮುಂದೆ ಹಿಡಿಕೆಯೂ ಬಿಸಾಕುವಂಥದ್ದೇ ಆಯಿತು. ಕೆಲಸ ಸಲೀಸು, ಪ್ರತಿ ಸಲ ಹೊಡೆದಾಗಲೂ ದುಡ್ಡು. ಜಗತ್ತು ಎರಡನೆಯದನ್ನು ಆರಿಸಿಕೊಂಡಿತು. ಹೊಟ್ಟೆಯ ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆಯ ಸ್ಟೇಪ್ಲರ್ ಬಂದದ್ದು ಆ ಆಯ್ಕೆಯ ಮೇಲೆ.

ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಿಗೆ ಕೀಹೋಲ್ ಶಸ್ತ್ರಚಿಕಿತ್ಸೆ ಮೊದಲು ಬಂದದ್ದು ಸಂತಾನಹರಣ ಶಿಬಿರಗಳ ಮೂಲಕ. ನಮ್ಮ ತಾಯಂದಿರ ತಲೆಮಾರಿನ ಹೆಂಗಸರು ಹೊಕ್ಕಳ ಬಳಿ ಒಂದು ಸಣ್ಣ ಗಾಯದೊಡನೆ ಅದೇ ದಿನ ಮನೆಗೆ ಮರಳಿದ್ದು ಲ್ಯಾಪರೊಸ್ಕೋಪಿನಿಂದಲೇ. ಕೊಳವೆಯ ಮೂಲಕ ಒಳಗೆ ಹೋಗಿ ಗರ್ಭನಾಳಕ್ಕೆ ಸಿಲಿಕೋನ್ ಉಂಗುರ ತೊಡಿಸಿ ಬರುವ ಆ ಉಪಕರಣ, ದೇಹದೊಳಗೆ ದಾರವಿಲ್ಲದೆ ಬಿಗಿಯುವ ವಿದ್ಯೆಯನ್ನು ನಮ್ಮ ಜಿಲ್ಲೆಗೆ ತೋರಿಸಿತು. ಈ ವಿದ್ಯೆಯ ಮೊದಲ ಭಾರ ಬಡ ಹೆಂಗಸರ ಮೈಮೇಲೆ ಬಿತ್ತು, ಸಾಲುಸಾಲಾಗಿ ಮಲಗಿಸಿದ ಶಿಬಿರಗಳಲ್ಲಿ. ಅದನ್ನು ಮರೆತು ಈ ತಂತ್ರಜ್ಞಾನವನ್ನು ಬರೀ ಹೊಗಳುವುದು ಸರಿಯಲ್ಲ.

ಚಿಕಿತ್ಸೆಗೆಂದು ಅದು ಬಂದದ್ದು ಆಮೇಲೆ. ಜರ್ಮನಿಯ ಕುರ್ಟ್ ಜೆಮ್ 1980ರಲ್ಲಿ ಅಪೆಂಡಿಕ್ಸನ್ನು ಲ್ಯಾಪರೊಸ್ಕೋಪಿನಿಂದ ತೆಗೆದರು, ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶ ತೆಗೆದರು. ಭಾರತದಲ್ಲಿ 1990ರ ಮೇ ತಿಂಗಳಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹಮ್ಟನ್ ಉಡವಾಡಿಯಾ ಮೊದಲ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿದರು. ಅದು ಸರ್ಕಾರಿ ಆಸ್ಪತ್ರೆ ಎಂಬುದನ್ನು ಒತ್ತಿ ಹೇಳಬೇಕು. ಬಡರೋಗಿಗೇ ಈ ವಿದ್ಯೆ ಹೆಚ್ಚು ಬೇಕು, ಬೇಗ ಎದ್ದು ಕೂಲಿಗೆ ಹೋಗಬೇಕಾದವನು ಅವನೇ ಎಂದು ಅವರು ಜೀವಮಾನವಿಡೀ ವಾದಿಸಿದರು.

ತೆರೆದ ಹೊಟ್ಟೆಯಲ್ಲಿ ಬಳಸುವ ಸ್ಟೇಪ್ಲರ್ ಎಷ್ಟು ದಪ್ಪವಿದ್ದರೂ ನಡೆಯುತ್ತದೆ. ಕೀಹೋಲಿಗೆ ಬೇಕಾದದ್ದು ಹನ್ನೆರಡು ಮಿಲಿಮೀಟರಿನ ತೂತಿನಲ್ಲಿ ಇಳಿಯಬೇಕು. ಎಂಜಿನಿಯರರ ತಲೆನೋವು ಇಲ್ಲಿಂದ ಶುರು. ದವಡೆ ಸಣ್ಣದಾದಷ್ಟೂ ತೆಳುವಾಗುತ್ತದೆ, ತೆಳುವಾದರೆ ದಪ್ಪ ಕರುಳನ್ನು ಅದುಮುವಾಗ ತುದಿ ಬಾಗುತ್ತದೆ. ತುದಿ ಬಾಗಿದರೆ ಬುಡದಲ್ಲಿ ಒಂದೂವರೆ ಮಿಲಿಮೀಟರ್ ಇರುವ ಅಂತರ ತುದಿಯಲ್ಲಿ ಎರಡಕ್ಕೂ ಹೆಚ್ಚಾಗುತ್ತದೆ, ಅಲ್ಲಿನ ಪಿನ್ನು ಸರಿಯಾಗಿ ಮಡಚುವುದಿಲ್ಲ, ಅಲ್ಲೇ ಸೋರುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಡೀ ಯಂತ್ರದಲ್ಲಿ ಅತಿ ಚೆಂದದ್ದಾಗಿ ಕಾಣುತ್ತದೆ. ಅಲಗನ್ನು ಹೊತ್ತ ತುಂಡಿಗೆ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ ಕೊಟ್ಟರು. ಮೇಲಿನದು ಮೇಲಿನ ದವಡೆಯ ಕಾಲುವೆಯಲ್ಲಿ, ಕೆಳಗಿನದು ಕೆಳದವಡೆಯ ಕಾಲುವೆಯಲ್ಲಿ ಓಡುತ್ತದೆ. ಅಲಗು ಮುಂದೆ ಹೋದಂತೆಲ್ಲ ಎರಡೂ ದವಡೆಗಳನ್ನು ಆ ಜಾಗದಲ್ಲಿ ನಿಗದಿತ ಅಂತರಕ್ಕೆ ಎಳೆದು ಹಿಡಿಯುತ್ತ ಹೋಗುತ್ತದೆ. ಕತ್ತರಿಸುವ ಭಾಗವೇ ಅಳತೆ ಕಾಯುವ ಭಾಗವೂ ಆಯಿತು.

ಅಷ್ಟಾದರೂ ಯಂತ್ರಕ್ಕೆ ಗೊತ್ತಿರುವುದು ತನ್ನ ಅಂತರ ಮಾತ್ರ. ದವಡೆಯ ನಡುವೆ ಬಂದ ಮಾಂಸದ ದಪ್ಪ ಎಷ್ಟು ಎಂಬುದು ವೈದ್ಯರ ಕೈಗೆ ಗೊತ್ತಾಗಬೇಕು. ಅದಕ್ಕೇ ಬಣ್ಣಗಳು. ರಕ್ತನಾಳದಂಥ ತೆಳು ಭಾಗಕ್ಕೆ ಬಿಳಿ, ಅದು ಮುಚ್ಚಿದಾಗ ಒಂದು ಮಿಲಿಮೀಟರ್. ಸಾಮಾನ್ಯ ಕರುಳಿಗೆ ನೀಲಿ, ಒಂದೂವರೆ. ದಪ್ಪ ಭಾಗಕ್ಕೆ ಹಸಿರು, ಎರಡು. ಕಂಪನಿಯಿಂದ ಕಂಪನಿಗೆ ನಡುವೆ ಒಂದೆರಡು ಬಣ್ಣ ಹೆಚ್ಚುಕಡಿಮೆ. ತೆಳು ಮಾಂಸಕ್ಕೆ ಹಸಿರು ಹೊಡೆದರೆ ಪಿನ್ನು ಸಡಿಲ, ರಕ್ತ ಜಿನುಗುತ್ತದೆ. ದಪ್ಪಕ್ಕೆ ನೀಲಿ ಹೊಡೆದರೆ ಕಾಲು ಪೂರ್ತಿ ಸುತ್ತಿಬರುವುದಿಲ್ಲ, ಅಥವಾ ಅಂಚು ನಜ್ಜುಗುಜ್ಜಾಗುತ್ತದೆ. ಜೀವಂತ ಮಾಂಸದ ಇನ್ನೊಂದು ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಅದರಲ್ಲಿ ನೀರಿದೆ. ಅದುಮಿ ಹಿಡಿದರೆ ನೀರು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ, ದಪ್ಪ ಇಳಿಯುತ್ತದೆ. ದವಡೆ ಮುಚ್ಚಿದ ಮೇಲೆ ಹದಿನೈದು ಸೆಕೆಂಡಾದರೂ ಸುಮ್ಮನಿದ್ದು ಆಮೇಲೆ ಫೈರ್ ಮಾಡಿ ಎಂದು ಕಲಿಸುವುದು ಇದಕ್ಕೇ. ಅವಸರದ ಥಿಯೇಟರಿನಲ್ಲಿ ಆ ಹದಿನೈದು ಸೆಕೆಂಡು ಬಹಳ ಉದ್ದ.

ಸರಕು ಅದೇ ಆದರೂ ಗದಗ ಜಿಲ್ಲೆಯ ಪರಿಸ್ಥಿತಿ ಬೇರೆ. ಈ ಬಣ್ಣಗಳ ಲೆಕ್ಕ ಹಾಕಿದ್ದು ಹೆಚ್ಚಾಗಿ ದಿನ ಗೊತ್ತುಮಾಡಿ, ಹೊಟ್ಟೆ ಖಾಲಿ ಮಾಡಿಸಿ, ತಯಾರಿಯಿಂದ ಮಾಡುವ ಶಸ್ತ್ರಚಿಕಿತ್ಸೆಗಳನ್ನು ಮುಂದಿಟ್ಟುಕೊಂಡು. ಹಮ್ಮಿಗಿಯಿಂದಲೋ ಬೆಳ್ಳಟ್ಟಿಯಿಂದಲೋ ಶಿಗ್ಲಿಯಿಂದಲೋ ಹೊಟ್ಟಿಬ್ಯಾನಿ ಎಂದು ಬರುವ ರೋಗಿ ಹಾಗೆ ಬರುವುದಿಲ್ಲ. ಮೊದಲು ಊರಲ್ಲಿ ಒಂದು ಸೂಜಿ. ಮರುದಿನ ಮುಂಡರಗಿ, ಶಿರಹಟ್ಟಿ ಅಥವಾ ಲಕ್ಷ್ಮೇಶ್ವರದ ಸರ್ಕಾರಿ ಆಸ್ಪತ್ರೆ. ಅಲ್ಲಿಂದ ಗದಗ, ಮಲ್ಲಸಮುದ್ರದ ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್‌ಗೆ. ಕೆಲವರು ಮತ್ತೆ ಅರವತ್ತು ಕಿಲೋಮೀಟರ್ ದಾಟಿ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೆ. ಕರುಳು ತಿರುಚಿಕೊಂಡದ್ದಿರಲಿ, ಟೈಫಾಯ್ಡಿನಿಂದ ತೂತಾದದ್ದಿರಲಿ, ಹೊಲದಲ್ಲಿ ಎತ್ತು ಇರಿದದ್ದಿರಲಿ, ಮೇಜಿನ ಮೇಲೆ ಮಲಗುವ ಹೊತ್ತಿಗೆ ಕರುಳು ಊದಿಕೊಂಡಿರುತ್ತದೆ. ಗೋಡೆಯ ದಪ್ಪ ಹೆಚ್ಚಿರುತ್ತದೆ, ಕ್ಷಯ ತಗುಲಿದ ಕರುಳಾದರೆ ಒಂದು ಕಡೆ ದಪ್ಪ, ಪಕ್ಕದಲ್ಲೇ ತೆಳು. ನೀಲಿ ಕಾರ್ಟ್ರಿಜ್ಜಿನ ಒಂದೂವರೆ ಮಿಲಿಮೀಟರ್ ಅಲ್ಲಿಗೆ ಸಾಲದು.

ಹೀಗಾಗಿ ತುರ್ತು ಸಂದರ್ಭದಲ್ಲಿ ನಮ್ಮ ಕಡೆಯ ಎಷ್ಟೋ ವೈದ್ಯರು ಹೊಟ್ಟೆ ತೆರೆದು ಸೂಜಿ ದಾರವನ್ನೇ ಎತ್ತಿಕೊಳ್ಳುತ್ತಾರೆ. ಪ್ರತಿ ಹೊಲಿಗೆಗೂ ಬಿಗಿ ಎಷ್ಟೆಂದು ಬೆರಳೇ ತೀರ್ಮಾನಿಸುತ್ತದೆ. ಅದನ್ನು ಹಿಂದುಳಿದ ಪದ್ಧತಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸಂಶೋಧನೆಗಳನ್ನು ಒಟ್ಟುಹಾಕಿ ತೂಗುವ ಕಾಕ್ರೇನ್ ವಿಮರ್ಶೆಗಳಲ್ಲಿ ಸಣ್ಣಕರುಳು ಮತ್ತು ದೊಡ್ಡಕರುಳನ್ನು ಕೂಡಿಸುವಾಗ ಸ್ಟೇಪ್ಲರ್ ಬಳಸಿದರೆ ಸೋರಿಕೆ ಕಡಿಮೆ ಎಂದು ಕಂಡಿದೆ. ದೊಡ್ಡಕರುಳನ್ನು ಗುದನಾಳಕ್ಕೆ ಕೂಡಿಸುವಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಂಡಿಲ್ಲ. ಯಂತ್ರ ಎಲ್ಲೆಡೆ ಗೆಲ್ಲುವುದಿಲ್ಲ. ಅಪೆಂಡಿಕ್ಸಿಗೆ ದಾರದ ಕುಣಿಕೆ, ಪಿತ್ತಕೋಶಕ್ಕೆ ಸಣ್ಣ ಕ್ಲಿಪ್ಪು ಬಹುಪಾಲು ಸಾಕಾಗುತ್ತದೆ. ಕೀಹೋಲಿನಲ್ಲಿ ಕರುಳು ಅಥವಾ ಜಠರ ಕತ್ತರಿಸಬೇಕಾದಾಗ, ಗುದನಾಳದ ಆಳದಲ್ಲಿ ಕೈ ಹೋಗದ ಕಡೆ, ಸ್ಟೇಪ್ಲರಿಗೆ ಸಾಟಿಯಿಲ್ಲ. ಗುದನಾಳದ ಕ್ಯಾನ್ಸರಾದವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡು ಬದುಕುವ ಪಾಡು ಎಷ್ಟೋ ಮಂದಿಗೆ ತಪ್ಪಿದ್ದು ಉಂಗುರದಾಕಾರದಲ್ಲಿ ಪಿನ್ನು ಹೊಡೆಯುವ ಸ್ಟೇಪ್ಲರಿನಿಂದ.

ರೋಗಿಯ ಕಡೆಯವರು ಕೇಳುವ ಪ್ರಶ್ನೆಗಳೇ ಬೇರೆ. ವಾರ್ಡಿನ ಹೊರಗೆ ಡಂಬಳದ ಕಡೆಯ ಹುಡುಗನೊಬ್ಬ ಕೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

“ಡಾಕ್ಟ್ರ, ನಮ್ಮವ್ವನ ಹೊಟ್ಟ್ಯಾಗ ಪಿನ್ನು ಬಿಡ್ತೀನಿ ಅಂದ್ರೆಲ್ರಿ. ಅವು ತುಕ್ಕು ಹಿಡಿಯಂಗಿಲ್ಲೇನ್ರಿ?”

“ಇಲ್ಲಪಾ ತಮ್ಮಾ, ಅವು ಟೈಟಾನಿಯಂ. ತುಕ್ಕು ಹಿಡಿಯಂಗಿಲ್ಲ, ಮೈಗೂ ಒಗ್ಗತಾವು. ಮುಂದೆಂದರ ಎಂಆರ್‌ಐ ಮಾಡಸೂದು ಬಂದ್ರ ಪಿನ್ನು ಹಾಕ್ಯಾರಂತ ಮೊದಲ ಹೇಳ್ರಿ, ಅಷ್ಟ.”

“ಮತ್ತ ಹೊಲಿಗಿ ಹಾಕಿದ್ರ ರೊಕ್ಕ ಕಮ್ಮಿ ಆಗತೈತೇನ್ರಿ?”

ಎರಡನೆಯ ಪ್ರಶ್ನೆಗೆ ವೈದ್ಯರು ಉತ್ತರಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಒಂದು ಕಾರ್ಟ್ರಿಜ್ಜಿಗೆ ಸಾವಿರಾರು ರೂಪಾಯಿ. ಕರುಳಿನ ಒಂದು ತುಂಡು ತೆಗೆದು ಮತ್ತೆ ಕೂಡಿಸಲು ಮೂರು ನಾಲ್ಕು ಬೇಕಾಗಬಹುದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಪ್ರತಿ ಶಸ್ತ್ರಚಿಕಿತ್ಸೆಗೂ ಮೊತ್ತ ಗೊತ್ತುಮಾಡಿರುತ್ತಾರೆ. ಎಷ್ಟು ಪಿನ್ನು ಹೊಡೆಯಬಹುದು ಎಂಬ ಯೋಚನೆ ಆ ಮೊತ್ತದೊಳಗೇ ನಡೆಯಬೇಕು.

ದುಡ್ಡಿನ ಒತ್ತಡದಿಂದ ಹುಟ್ಟಿಕೊಂಡ ಅಭ್ಯಾಸವೊಂದಿದೆ, ದೇಶದ ತುಂಬ ಇದೆ. ಒಬ್ಬ ರೋಗಿಗೆಂದು ಮಾಡಿದ ಹಿಡಿಕೆಯನ್ನು ತೊಳೆದು, ಅನಿಲದಲ್ಲಿ ಸೋಂಕು ಕಳೆದು ಮತ್ತೊಬ್ಬರಿಗೆ ಬಳಸುವುದು. ಇಲ್ಲಿ ವಿನ್ಯಾಸದ ಒಂದು ಸಣ್ಣ ವ್ಯತ್ಯಾಸ ದೊಡ್ಡದಾಗುತ್ತದೆ. ಕೆಲವು ಮಾದರಿಗಳಲ್ಲಿ ಅಲಗು ಹಿಡಿಕೆಯ ಕಡೆಗೆ ಸೇರಿದ್ದು, ಎಲ್ಲ ಕಾರ್ಟ್ರಿಜ್ಜಿಗೂ ಅದೊಂದೇ ಓಡುತ್ತದೆ. ಇನ್ನು ಕೆಲವುಗಳಲ್ಲಿ ಪ್ರತಿ ಕಾರ್ಟ್ರಿಜ್ಜಿನೊಡನೆ ಹೊಸ ಅಲಗು, ಹೊಸ ದವಡೆಯೇ ಬರುತ್ತದೆ. ಮೊದಲನೆಯದನ್ನು ಮರುಬಳಕೆ ಮಾಡಿದರೆ ಅಲಗು ಮೊಂಡಾಗುತ್ತದೆ, ಅಡ್ಡಪಟ್ಟಿ ಸವೆಯುತ್ತದೆ, ಒಂದೂವರೆ ಮಿಲಿಮೀಟರ್ ಎಂದು ನಂಬಿದ್ದು ಹಾಗೇ ಉಳಿದಿರುವುದಿಲ್ಲ. ಖಾಲಿ ಕಾರ್ಟ್ರಿಜ್ ಇದ್ದಾಗ ಅಲಗು ಓಡದಂತೆ ತಡೆಯುವ ಬೀಗವೊಂದು ಒಳಗಿರುತ್ತದೆ. ಸವೆದ ಯಂತ್ರದಲ್ಲಿ ಆ ಬೀಗ ಕೈಕೊಟ್ಟರೆ ಪಿನ್ನಿಲ್ಲದೆ ಬರೀ ಕತ್ತರಿಸಿಬಿಡುತ್ತದೆ. ರಕ್ತನಾಳದ ಮೇಲೆ ಹಾಗಾದರೆ ಕೈಯಲ್ಲಿ ಉಳಿಯುವುದು ನಿಮಿಷಗಳ ಲೆಕ್ಕ.

ಹೊಸ ಯಂತ್ರಗಳೂ ಕೈಕೊಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಹೊರಗಿಟ್ಟ ಅಂಕಿಗಳು ಗಾಬರಿ ಹುಟ್ಟಿಸುವಂಥವು. 2011ರ ಜನವರಿಯಿಂದ 2018ರ ಮಾರ್ಚ್‌ವರೆಗೆ ದೇಹದೊಳಗೆ ಬಳಸುವ ಸ್ಟೇಪ್ಲರ್, ಪಿನ್ನುಗಳ ಬಗ್ಗೆ ಬಂದ ವರದಿಗಳು 41,000ಕ್ಕೂ ಹೆಚ್ಚು. ಅವುಗಳಲ್ಲಿ 366 ಸಾವು, 9,000ಕ್ಕೂ ಮೀರಿದ ಗಂಭೀರ ಗಾಯ. ಪಿನ್ನಿನ ಸಾಲು ಬಿಚ್ಚಿಕೊಂಡದ್ದು, ಪಿನ್ನು ಸರಿಯಾಗಿ ಮಡಚದ್ದು, ಫೈರ್ ಆಗದೆ ನಿಂತದ್ದು, ತಪ್ಪು ಅಳತೆಯದನ್ನು ಹೊಡೆದದ್ದು ಅಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿಯವರೆಗೆ ಕಡಿಮೆ ಅಪಾಯದ ವರ್ಗದಲ್ಲಿದ್ದ ಈ ಉಪಕರಣವನ್ನು 2021ರಲ್ಲಿ ಬಿಗಿ ನಿಯಮದ ವರ್ಗಕ್ಕೆ ಸೇರಿಸಿದರು. ನಮ್ಮಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳು ಬಂದವು, 2020ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ಅಡಿಗೆ ಸೇರಿದವು. ಕಾನೂನೇನೋ ಬಂತು, ಜಿಲ್ಲಾಸ್ಪತ್ರೆಯಲ್ಲಿ ಪಿನ್ನು ಕೆಟ್ಟರೆ ಅದನ್ನು ಬರೆದು ಕಳಿಸುವ ರೂಢಿಯೂ ಅದರ ಹಿಂದೆಯೇ ಬರಬೇಕು.

ಕೈಯ ಮಾತೂ ಒಂದಿದೆ. ಹಿಡಿಕೆ ಅದುಮಲು ಬಲ ಬೇಕು, ದಪ್ಪ ಮಾಂಸಕ್ಕೆ ಇನ್ನೂ ಹೆಚ್ಚು. 2004ರಲ್ಲಿ ಪ್ರಕಟವಾದ, 726 ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸಕರ ಸಮೀಕ್ಷೆಯಲ್ಲಿ, ಆರೂವರೆ ಅಥವಾ ಅದಕ್ಕಿಂತ ಸಣ್ಣ ಗ್ಲೌಸ್ ತೊಡುವವರು ಸ್ಟೇಪ್ಲರಿನೊಡನೆ ಹೆಚ್ಚು ಕಷ್ಟಪಡುವುದು ಕಂಡುಬಂತು. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಯ ಅಳತೆ ಆರು, ಆರೂವರೆ. ಯಂತ್ರ ಮಾಡಿದವರು ಯಾರ ಕೈಯನ್ನು ನೆನೆದು ಅಳತೆ ತೆಗೆದರು ಎಂಬುದು ಇದರಲ್ಲೇ ಗೊತ್ತಾಗುತ್ತದೆ. ಬ್ಯಾಟರಿಯಿಂದ ಓಡುವ ಹಿಡಿಕೆಗಳು ಈ ತೊಂದರೆ ತೀರಿಸಿವೆ. ಅದುಮುವ ಬಲ ಮೋಟಾರಿನದು, ತುದಿ ಅಲುಗಾಡುವುದೂ ಕಡಿಮೆ. ಬೆಲೆ ಮಾತ್ರ ಇನ್ನೂ ದೂರದ ಮಾತು.

ನಮ್ಮ ಜಿಲ್ಲೆಗೆ ಎಂಥ ಸ್ಟೇಪ್ಲರ್ ಬೇಕು? ಹಿಡಿಕೆ ಉಕ್ಕಿನದಿರಲಿ, ಆಟೊಕ್ಲೇವಿನಲ್ಲಿ ನೂರಾರು ಸಲ ಬೇಯಿಸಿದರೂ ಅಳತೆ ತಪ್ಪದಿರಲಿ. ಅಲಗು, ಅಡ್ಡಪಟ್ಟಿ, ಬೀಗ ಈ ಮೂರೂ ಸವೆಯುವ ಭಾಗಗಳು, ಅವು ಕಾರ್ಟ್ರಿಜ್ಜಿನೊಡನೆ ಹೊಸದಾಗಿ ಬರಲಿ. ಕಾರ್ಟ್ರಿಜ್‌ ಈ ದೇಶದಲ್ಲೇ ತಯಾರಾಗಲಿ. ಇದು ಆಗದ ಮಾತೇನಲ್ಲ. ಗುಜರಾತಿನ ವಾಪಿಯ ಮೆರಿಲ್ ಕಂಪನಿ ಸ್ಟೇಪ್ಲರ್ ಮಾಡುತ್ತಿದೆ. ಹಿಂದೆ ಸೂಚರ್ಸ್ ಇಂಡಿಯಾ ಎಂದಿದ್ದ ಬೆಂಗಳೂರಿನ ಹೆಲ್ಥಿಯಂ ಹೊಲಿಗೆ ದಾರದಲ್ಲಿ ಹೆಸರು ಮಾಡಿದೆ. ಮಾಸ್ಕೋದವರು 1951ರಲ್ಲಿ ಹಿಡಿದ ದಾರಿಯನ್ನೂ ಅಮೆರಿಕದವರು 1967ರಲ್ಲಿ ಹಿಡಿದ ದಾರಿಯನ್ನೂ ಕೂಡಿಸುವ ಕೆಲಸ ಇನ್ನೂ ಬಾಕಿ ಇದೆ ಅಷ್ಟೆ.

ಹೊಸ ವಿನ್ಯಾಸ ಬರುವವರೆಗೂ ಕಾಯದೆ ಮಾಡಬಹುದಾದ ಕೆಲಸಗಳಿವೆ. ಖರೀದಿಯ ಟೆಂಡರಿನಲ್ಲಿ ‘ಸ್ಟೇಪ್ಲರ್, ಇಷ್ಟು ನಗ’ ಎಂದು ಬರೆದು ಅತಿ ಕಡಿಮೆ ದರದವರಿಗೆ ಕೊಡುವುದನ್ನು ನಿಲ್ಲಿಸಬೇಕು. ಹಾಗೆ ಬರೆದರೆ ಕಪಾಟಿನಲ್ಲಿ ಬರೀ ನೀಲಿ ಬಂದು ಕೂರುತ್ತದೆ. ಊದಿದ ಕರುಳು ಎದುರಿಗಿದ್ದಾಗ ಹಸಿರು ಇಲ್ಲವೆಂದು ಇದ್ದುದನ್ನೇ ಹೊಡೆಯುವ ಆಸೆ ಹುಟ್ಟುತ್ತದೆ. ಬಣ್ಣವಾರು ಎಷ್ಟು ಬೇಕೆಂದು ಬರೆಯಬೇಕು, ಹೋದ ವರ್ಷದ ಆಪರೇಷನ್ ರಿಜಿಸ್ಟರ್ ಮುಂದಿಟ್ಟುಕೊಂಡರೆ ಅದು ಒಂದು ಮಧ್ಯಾಹ್ನದ ಕೆಲಸ. ಪಟ್ಟಿಯನ್ನು ಕಚೇರಿಯವರು ಬರೆಯುವ ಬದಲು ಶಸ್ತ್ರಚಿಕಿತ್ಸಕರೂ ಥಿಯೇಟರಿನ ಸಿಸ್ಟರ್‌ಗಳೂ ಕೂತು ಬರೆಯಬೇಕು. ಯಾವ ಬಣ್ಣ ಬೇಗ ಖಾಲಿಯಾಗುತ್ತದೆಂದು ಸಿಸ್ಟರ್‌ಗಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಜಿಮ್ಸ್‌ನಲ್ಲಿ ಕಲಿಯುವ ಕಿರಿಯ ವೈದ್ಯರಿಗೆ ರೋಗಿಯ ಮೈಮೇಲೆ ಕೈಯಿಡುವ ಮೊದಲು ಮಾಂಸದ ದಪ್ಪ ಕೈಗೆ ಗೊತ್ತಾಗಬೇಕು. ಅದಕ್ಕೆ ದೊಡ್ಡ ಸಿಮ್ಯುಲೇಟರ್ ಬೇಕಿಲ್ಲ. ಗದಗ-ಬೆಟಗೇರಿಯ ಮಟನ್ ಅಂಗಡಿಯಲ್ಲಿ ಸಿಗುವ ಆಡಿನ ಬೋಟಿಯನ್ನು ತೊಳೆದು ಮೇಜಿನ ಮೇಲೆ ಹಾಸಿ, ವರ್ನಿಯರ್ ಕ್ಯಾಲಿಪರಿನಿಂದ ಅಲ್ಲಲ್ಲಿ ಅಳೆಯಲಿ. ಅದುಮಿ ಹದಿನೈದು ಸೆಕೆಂಡು ಹಿಡಿದು ಮತ್ತೆ ಅಳೆಯಲಿ. ಅವಧಿ ಮುಗಿದ ಕಾರ್ಟ್ರಿಜ್‌ಗಳನ್ನು ಅದರ ಮೇಲೆ ಹೊಡೆದು, ಸಾಲನ್ನು ಬಿಡಿಸಿ, ಭೂತಗನ್ನಡಿಯಲ್ಲಿ ಎಷ್ಟು ಪಿನ್ನು ‘ಬಿ’ ಆಗಿ ಮಡಚಿವೆ, ಎಷ್ಟು ಅಡ್ಡಾದಿಡ್ಡಿ ಆಗಿವೆ ಎಂದು ಎಣಿಸಲಿ. ಪಕ್ಕದಲ್ಲೇ ಅದೇ ಬೋಟಿಗೆ ಸೂಜಿ ದಾರ ಹಿಡಿದು ಒಂದು ಜೋಡಣೆ ಹಾಕಲಿ, ನೀರು ತುಂಬಿ ಎರಡರಲ್ಲಿ ಯಾವುದು ಮೊದಲು ಸೋರುತ್ತದೆಂದು ನೋಡಲಿ.